ಮೀನಿನ ತೊಟ್ಟಿ ಸೋರುತ್ತಿದೆಯೇ? ಸಿಲಿಕೋನ್ ಟ್ಯೂಬ್ ತರುವ ಮುಂಚೆ ನೋಡಬೇಕಾದ್ದು

ಗಾಜಿನ ತೊಟ್ಟಿಯ ಕೆಳಗೆ ನೀರು ಕಂಡರೆ ಬಹಳ ಜನ ಮಾಡುವುದು ಒಂದೇ ಕೆಲಸ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಿಲಿಕೋನ್ ಟ್ಯೂಬ್ ತಂದು, ಒದ್ದೆ ಕಂಡ ಕಡೆ ಹೊರಗಿನಿಂದ ಬಳಿದುಬಿಡುವುದು. ನಾಲ್ಕು ದಿನ ನಿಂತಂತೆ ಕಾಣುತ್ತದೆ. ಮತ್ತೆ ಜಿನುಗುತ್ತದೆ. ಆಮೇಲೆ "ತೊಟ್ಟಿಗೆ ವಯಸ್ಸಾಯ್ತು ಬಿಡಿ" ಅನ್ನುತ್ತಾರೆ. ವಯಸ್ಸಿನ ಮೇಲೆ ತಪ್ಪು ಹೊರಿಸುವ ಮೊದಲು ನೀರು ಎಲ್ಲಿಂದ ಬಂತು, ಯಾವ ಜಾಯಿಂಟ್ ಸೋತಿತು, ಯಾಕೆ ಸೋತಿತು ಎಂದು ನೋಡಬೇಕು. ಇದು ಗೊತ್ತಾಗದೆ ಮಾಡಿದ ರಿಪೇರಿ ನಿಲ್ಲುವುದಿಲ್ಲ.

ಲೆಕ್ಕಕ್ಕೆ ಒಂದು ತೊಟ್ಟಿ ಇಟ್ಟುಕೊಳ್ಳೋಣ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ, 8 ಮಿಲಿಮೀಟರ್ ಗಾಜು. ನಮ್ಮ ಕಡೆ ಮನೆಗಳಲ್ಲಿ ಜಾಸ್ತಿ ಕಾಣುವ ಅಳತೆಗಳಲ್ಲಿ ಇದೂ ಒಂದು. ತುಂಬಿದರೆ ಸುಮಾರು 190 ಲೀಟರ್ ನೀರು. ಗಾಜು, ಮರಳು, ಕಲ್ಲು ಎಲ್ಲ ಸೇರಿ 250 ಕಿಲೋ ಹತ್ತಿರ ಬರುತ್ತದೆ.

ಮೊದಲು ಕರೆಂಟು

ತೊಟ್ಟಿಯ ಕೆಳಗೆ ನೀರಿದ್ದರೆ ಅದರ ಹಿಂದೆ ಎಲ್ಲೋ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಇರುತ್ತದೆ. ನೀರು ಮುಟ್ಟುವ ಮುಂಚೆ ಗೋಡೆಯ ಸ್ವಿಚ್ ಆಫ್ ಮಾಡಿ. ಆ ಸ್ವಿಚ್ ತಲುಪಲು ಒದ್ದೆ ನೆಲ ತುಳಿಯಬೇಕಾದರೆ ಮನೆಯ ಎಂಸಿಬಿಯನ್ನೇ ಇಳಿಸಿ. ಹೀಟರ್ ಬಿಸಿಯಾಗಿದ್ದಾಗ ನೀರು ಇಳಿದರೆ ಅದರ ಗಾಜು ಬಿರುಕು ಬಿಡಬಹುದು. ಹಾಗಾಗಿ ಹೀಟರ್ ಆಫ್ ಆಗಿದೆ ಎಂದು ಖಾತ್ರಿ ಮಾಡಿಕೊಳ್ಳಿ.

ನೀರು ಹನಿಹನಿಯಾಗಿ ಬರುತ್ತಿದ್ದರೆ ಹುಡುಕುವುದಕ್ಕೆ ಸಮಯ ಇದೆ. ಧಾರೆಯಾಗಿ ಬರುತ್ತಿದ್ದರೆ ಅಥವಾ ಗಾಜಿನಲ್ಲಿ ಬಿರುಕು ಕಂಡರೆ ಹುಡುಕುತ್ತಾ ನಿಲ್ಲಬೇಡಿ. ಪೈಪು ಹಾಕಿ ನೀರನ್ನು ಅರ್ಧಕ್ಕೆ ಇಳಿಸಿ. ಅರ್ಧಕ್ಕೆ ಇಳಿಸಿದರೆ ತಳದ ಒತ್ತಡ ಅರ್ಧ ಆಗುತ್ತದೆ. ಆದರೆ ಮುಂದಿನ ಗಾಜನ್ನು ಹೊರಗೆ ತಳ್ಳುವ ಒಟ್ಟು ಬಲ ಕಾಲು ಭಾಗಕ್ಕೆ ಬರುತ್ತದೆ. ನಮ್ಮ 3 ಅಡಿ ತೊಟ್ಟಿಯಲ್ಲಿ ತುಂಬಿದಾಗ ಮುಂದಿನ ಗಾಜಿನ ಮೇಲೆ ಸುಮಾರು 90 ಕಿಲೋ ತೂಕದಷ್ಟು ತಳ್ಳುವಿಕೆ ಇರುತ್ತದೆ. ಅರ್ಧ ನೀರಿನಲ್ಲಿ ಅದು ಇಪ್ಪತ್ತು ಚಿಲ್ಲರೆ ಕಿಲೋ. ಮೀನು ತೆಗೆಯದೆಯೇ ಅಪಾಯವನ್ನು ಇಷ್ಟು ಕಡಿಮೆ ಮಾಡಬಹುದು ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ಮೀನನ್ನು ತೆಗೆಯಲೇಬೇಕಾದರೆ ಸೋಪು ಕಾಣದ ಬಕೆಟ್ ಅಥವಾ ಡ್ರಮ್ ಬಳಸಿ, ತೊಟ್ಟಿಯ ನೀರನ್ನೇ ತುಂಬಿಸಿ. ಫಿಲ್ಟರ್‌ನ ಸ್ಪಂಜನ್ನು ಒಣಗಲು ಬಿಡದೆ ಅದೇ ಬಕೆಟ್‌ನಲ್ಲಿ ಏರ್ ಪಂಪ್ ಜೊತೆ ಇಡಿ. ನೀರನ್ನು ಶುದ್ಧವಾಗಿಡುವ ಬ್ಯಾಕ್ಟೀರಿಯಾ ಇರುವುದು ಆ ಸ್ಪಂಜಿನಲ್ಲೇ.

ಇದು ನಿಜವಾಗಿಯೂ ಜಾಯಿಂಟ್ ಸೋರಿಕೆಯೇ?

ತೊಟ್ಟಿ ಸೋರುತ್ತಿದೆ ಎಂದು ಜನ ಹೇಳುವ ಕಡೆಗಳಲ್ಲಿ ನೀರು ಗಾಜಿನ ಜಾಯಿಂಟ್‌ನಿಂದಲೇ ಬಂದಿರಬೇಕು ಅಂತೇನಿಲ್ಲ. ಬೇರೆ ದಾರಿಗಳನ್ನು ಮೊದಲು ಮುಚ್ಚಿಕೊಂಡು ಬರಬೇಕು.

ನೀರಿನ ಮಟ್ಟ ಇಳಿಯುತ್ತಿದೆ, ಆದರೆ ನೆಲ ಒಣಗಿದೆ ಅಂದರೆ ಅದು ಆವಿ. 3 ಅಡಿ ತೊಟ್ಟಿಯಲ್ಲಿ ಮಟ್ಟ 5 ಮಿಲಿಮೀಟರ್ ಇಳಿದರೆ ಸುಮಾರು 2 ಲೀಟರ್ ನೀರು ಹೋಗಿದೆ ಎಂದು ಅರ್ಥ. 2 ಲೀಟರ್ ಸೋರಿದ್ದರೆ ನೆಲ ಹೇಳದೆ ಇರುತ್ತಿತ್ತೇ? ಮಾರ್ಚ್ ಏಪ್ರಿಲ್‌ನಲ್ಲಿ ಮೇಲೆ ಫ್ಯಾನ್ ಓಡುತ್ತಿದ್ದು ಮುಚ್ಚಳ ಇಲ್ಲದಿದ್ದರೆ ದಿನಕ್ಕೆ ಕೆಲವು ಮಿಲಿಮೀಟರ್ ಇಳಿಯುವುದು ಸಹಜ.

ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯ ಕಡೆ, ತಣ್ಣನೆಯ ನೀರು ಬದಲಾಯಿಸಿದ ದಿನ ಗಾಜು ಹೊರಗಡೆ ಬೆವರುತ್ತದೆ. ಈ ಬೆವರು ಗಾಜಿನ ತುಂಬ ಒಂದೇ ಸಮ ಕಾಣುತ್ತದೆ, ಒಂದು ಮೂಲೆಯಲ್ಲಿ ಮಾತ್ರ ಅಲ್ಲ. ಬಟ್ಟೆಯಿಂದ ಒರೆಸಿದರೆ ಎಲ್ಲ ಕಡೆ ಮತ್ತೆ ಬರುತ್ತದೆ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ನೀರು ಕಾಣುತ್ತಿದ್ದರೆ ಏರ್ ಪಂಪ್ ನೋಡಿ. ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತ ಕ್ಷಣ ಸಣ್ಣ ಪೈಪಿನಲ್ಲಿ ನೀರು ಹಿಂದಕ್ಕೆ ಇಳಿದು ಬರಬಹುದು. ಆ ಪೈಪಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿ, ಇಲ್ಲವೇ ಪಂಪನ್ನು ಮೇಲೆ ತೂಗುಹಾಕಿ.

ತೊಟ್ಟಿಯ ಹಿಂದಿನ ಅಂಚಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್‌ನ ಸ್ಪಂಜು ಕಟ್ಟಿಕೊಂಡರೆ ಅದರ ಡಬ್ಬಿಯಲ್ಲಿ ನೀರು ಏರಿ ಹಿಂಬದಿಯ ಗಾಜಿನ ಮೇಲೆ ಇಳಿಯುತ್ತದೆ. ತೊಟ್ಟಿಯ ಹೊರಗೆ ಕೂರುವ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ಆದರೆ ನೋಡಬೇಕಾದ್ದು ಮುಚ್ಚಳದ ಓ ರಿಂಗ್ (ರಬ್ಬರ್ ಬಳೆ) ಮತ್ತು ಪೈಪಿನ ನಲ್ಲಿಗಳು. ಅದನ್ನು ರಾತ್ರಿಯಿಡೀ ಒಂದು ಒಣ ಪ್ಲಾಸ್ಟಿಕ್ ಟಬ್ಬಿನೊಳಗೆ ಕೂರಿಸಿ. ಬೆಳಿಗ್ಗೆ ಟಬ್ಬಿನಲ್ಲಿ ನೀರಿದ್ದರೆ ನಿಮ್ಮ ತೊಟ್ಟಿ ಚೆನ್ನಾಗಿದೆ, ಓ ರಿಂಗ್ ಬದಲಾಯಿಸಿ ಸಾಕು.

ಇನ್ನೊಂದು, ಯಾರೂ ಅನುಮಾನ ಪಡದ ದಾರಿ ಮನಿ ಪ್ಲಾಂಟ್. ಬೇರು ನೀರಿನಲ್ಲಿ, ಎಲೆಯೊಂದು ನೀರಿಗೆ ತಾಗಿಕೊಂಡು ಅಂಚಿನ ಮೇಲಿಂದ ಹೊರಗೆ ಬಾಗಿದೆ. ಆ ಎಲೆಯ ಮೇಲೆ ನೀರು ಮೆಲ್ಲಗೆ ಹರಿದು ಹೊರಗೆ ತೊಟ್ಟಿಕ್ಕುತ್ತದೆ. ಅಂಚಿನ ಮೇಲೆ ನೇತುಹಾಕಿದ ಒರೆಸುವ ಬಟ್ಟೆಯೂ ಹೀಗೇ ಮಾಡುತ್ತದೆ. ಮುಚ್ಚಳದ ಅಂಚು ಗಾಜಿನಿಂದ ಹೊರಗೆ ಚಾಚಿದ್ದರೆ ಅದರ ಕೆಳಗೆ ಕಟ್ಟುವ ಹನಿಯೂ ಹೊರಗೇ ಬೀಳುತ್ತದೆ.

ಒದ್ದೆಯಾದ ಜಾಗವೇ ಸೋರುವ ಜಾಗ ಅಲ್ಲ

ಎಲ್ಲರೂ ಎಡವುವುದು ಇಲ್ಲಿ. ತೊಟ್ಟಿಯ ಕೆಳಗೆ ಥರ್ಮಾಕೋಲ್ ಹಾಸಿರುತ್ತೇವೆ. ಥರ್ಮಾಕೋಲ್ ನೀರನ್ನು ಹೀರುವುದಿಲ್ಲ. ಹಿಂಬದಿಯ ನಡುವೆ ಇಳಿದ ನೀರು ತಳದ ಗಾಜಿಗೂ ಥರ್ಮಾಕೋಲ್‌ಗೂ ನಡುವೆ ಹರಿದು, ಎಲ್ಲಿ ತಗ್ಗೋ ಅಲ್ಲಿ ಹೊರಬರುತ್ತದೆ. ಮುಂದಿನ ಎಡ ಮೂಲೆ ಒದ್ದೆಯಾಗಿದೆ ಅಂದರೆ ಆ ಮೂಲೆ ತಗ್ಗಿದೆ ಅಂತ ಮಾತ್ರ ಖಚಿತ.

ಹುಡುಕುವ ಕ್ರಮ ಹೀಗೆ. ಹೊರಗಿನ ಎಲ್ಲ ಜಾಯಿಂಟ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ. ಅರ್ಧ ಗಂಟೆ ಫ್ಯಾನ್ ಗಾಳಿ ಬಿಡಿ. ಆಮೇಲೆ ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು ಒಂದು ಮೆತ್ತನೆಯ ಬ್ರಷ್‌ನಲ್ಲಿ ತೆಗೆದುಕೊಂಡು ನಿಂತ ಜಾಯಿಂಟ್‌ಗಳ ಉದ್ದಕ್ಕೂ, ತಳದ ಅಂಚಿನ ಸುತ್ತಲೂ ತೆಳ್ಳಗೆ ಸವರಿ. ನೀರು ಬಂದ ಕಡೆ ಪೌಡರ್ ಬೂದು ಬಣ್ಣಕ್ಕೆ ತಿರುಗಿ ಗೆರೆ ಕಟ್ಟುತ್ತದೆ. ಗೆರೆ ಯಾವ ಎತ್ತರದಿಂದ ಶುರುವಾಗಿದೆ ನೋಡಿ. ಗೆರೆಯ ತಲೆಯೇ ಸೋರುವ ಜಾಗ, ಕೆಳಗಿನದೆಲ್ಲ ಬರೀ ಹರಿದ ದಾರಿ. ಟಾರ್ಚನ್ನು ಎದುರಿಗೆ ಹಿಡಿಯಬೇಡಿ. ಗಾಜಿಗೆ ತಾಗಿಸಿ ಓರೆಯಾಗಿ ಬಿಟ್ಟರೆ ಸಣ್ಣ ಹನಿಯೂ ಹೊಳೆಯುತ್ತದೆ.

ಬೋರ್‌ವೆಲ್ ನೀರು ಹಾಕುವ ಮನೆಗಳಲ್ಲಿ ಈ ಕೆಲಸ ಅರ್ಧ ಆಗಲೇ ಆಗಿರುತ್ತದೆ. ಗಡಸು ನೀರು ಒಣಗಿದ ಕಡೆ ಬಿಳಿ ಪೊರೆ ಬಿಡುತ್ತದೆ. ಕೆಲವು ತಿಂಗಳಿಂದ ಜಿನುಗುತ್ತಿದ್ದ ಜಾಗದಲ್ಲಿ ಉಗುರಿನಿಂದ ಕೆರೆಯಬಹುದಾದಷ್ಟು ದಪ್ಪ ಬಿಳಿ ಗೆರೆ ಇರುತ್ತದೆ. ಅದನ್ನು ಒರೆಸುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಿ. ಕಾವೇರಿ ನೀರಿನಲ್ಲಿ ಗುರುತು ಇಷ್ಟು ದಪ್ಪಗೆ ಬೀಳುವುದಿಲ್ಲ, ಪೌಡರನ್ನೇ ನಂಬಬೇಕು.

ಇಷ್ಟಕ್ಕೂ ಸಿಗದಿದ್ದರೆ ನೀರನ್ನೇ ಕೇಳಿ. ಮಟ್ಟಕ್ಕೆ ಒಂದು ಟೇಪ್ ಅಂಟಿಸಿ, ಮೇಲೆ ನೀರು ಹಾಕದೆ ಬಿಟ್ಟುಬಿಡಿ. ಸೋರಿಕೆ ಮೂಲೆಯ ನಿಂತ ಜಾಯಿಂಟಿನದ್ದಾದರೆ ಮಟ್ಟ ಸೋರುವ ಜಾಗದ ಎತ್ತರಕ್ಕೆ ಇಳಿದ ಮೇಲೆ ಜಿನುಗುವುದು ನಿಲ್ಲುತ್ತದೆ. ನೀರು ಇಳಿಯುತ್ತಲೇ ಇದ್ದು, ಕೊನೆಯ ಒಂದು ಇಂಚಿನಲ್ಲೂ ತಳ ಒದ್ದೆಯಾಗುತ್ತಿದ್ದರೆ ತಳದ ಜಾಯಿಂಟೇ ಸರಿ. ಮೀನಿಗೆ ತೊಂದರೆಯಾಗುವಷ್ಟು ಕೆಳಗೆ ಹೋಗುವ ಮುಂಚೆ ಅವನ್ನು ಬೇರೆ ಕಡೆ ಸೇರಿಸಿ.

ಜಾಯಿಂಟನ್ನು ಓದುವುದು

ಒಂದೊಂದು ಮೂಲೆಯಲ್ಲೂ ಎರಡು ಸಿಲಿಕೋನ್ ಇರುತ್ತದೆ. ಎರಡು ಗಾಜಿನ ನಡುವೆ ತೆಳ್ಳಗೆ ಇರುವುದು ಮೊದಲನೆಯದು. ತೊಟ್ಟಿಯನ್ನು ಹಿಡಿದು ನಿಲ್ಲಿಸಿರುವುದು ಅದೇ. ಒಳಮೂಲೆಯಲ್ಲಿ ತ್ರಿಕೋನದ ಹಾಗೆ ಎಳೆದಿರುವ ಪಟ್ಟಿ ಎರಡನೆಯದು. ಮೊದಲನೆಯದಕ್ಕೆ ನೀರು, ಪಾಚಿ, ಬ್ಲೇಡು ತಾಗದಂತೆ ಕಾಯುವುದು ಅದರ ಕೆಲಸ. ಯಾವುದು ಕೆಟ್ಟಿದೆ ಅನ್ನುವುದರ ಮೇಲೆಯೇ ಮುಂದಿನ ತೀರ್ಮಾನ ಎಲ್ಲ ನಿಂತಿದೆ.

ಒಳಪಟ್ಟಿಯ ಪರೀಕ್ಷೆ ಸುಲಭ. ಬೆರಳಿನಿಂದ ಒತ್ತಿ. ರಬ್ಬರಿನಂತೆ ಒತ್ತಿಕೊಂಡು ವಾಪಸ್ ಬರಬೇಕು. ಒಂದು ತುದಿಯನ್ನು ಉಗುರಿನಿಂದ ಎಬ್ಬಿಸಲು ನೋಡಿ. ಎಳೆದಾಗ ಹರಿದು ತುಂಡು ಕೈಗೆ ಬಂದು, ಗಾಜಿನ ಮೇಲೆ ಇನ್ನೂ ಸಿಲಿಕೋನ್ ಉಳಿದಿದ್ದರೆ ಹಿಡಿತ ಚೆನ್ನಾಗಿದೆ. ಉದ್ದಕ್ಕೆ ದಾರದಂತೆ ಎದ್ದು ಬಂದು ಕೆಳಗೆ ಗಾಜು ಶುಭ್ರವಾಗಿ ಕಂಡರೆ ಹಿಡಿತ ಹೋಗಿದೆ. ಪಟ್ಟಿಯ ಕೆಳಗೆ ಹಸಿರು ಅಥವಾ ಕಪ್ಪು ಗೆರೆ ನುಗ್ಗಿದ್ದರೂ ಅಷ್ಟೇ, ಅಲ್ಲಿ ಪಾಚಿ ಬೆಳೆಯಲು ಜಾಗ ಸಿಕ್ಕಿದೆ. ಬಣ್ಣ ಹಳದಿಯಾದದ್ದು ಮಾತ್ರಕ್ಕೆ ಹೆದರಬೇಕಿಲ್ಲ.

ಗಾಜಿನ ನಡುವಿನ ಜಾಯಿಂಟ್ ನೋಡಲು ತಾಳ್ಮೆ ಬೇಕು. ಹೊರಗಿನಿಂದ ಓರೆಯಾಗಿ ನೋಡಿ. ಅಲ್ಲಲ್ಲಿ ಸಣ್ಣ ಗುಂಡನೆಯ ಗುಳ್ಳೆ ಇದ್ದರೆ ಅದು ಕಟ್ಟುವಾಗ ಸಿಕ್ಕಿಕೊಂಡ ಗಾಳಿ. ಅದು ಬೆಳೆಯುವುದಿಲ್ಲ, ಬಿಡಿ. ಹೆದರಬೇಕಾದ್ದು ಅಂಚಿನಿಂದ ಒಳಗೆ ಹಬ್ಬುವ ಬೆಳ್ಳಿ ಬಣ್ಣದ ಕಲೆಗೆ. ಸಿಲಿಕೋನ್ ಗಾಜನ್ನು ಬಿಟ್ಟ ಕಡೆ ನಡುವೆ ಗಾಳಿಯ ಪೊರೆ ಸೇರಿ ಬೆಳಕು ಹಾಗೆ ಹೊಳೆಯುತ್ತದೆ. ತಲೆ ಆಚೀಚೆ ಮಾಡಿದರೆ ಒಂದು ಕೋನದಲ್ಲಿ ಥಳ್ ಎನ್ನುತ್ತದೆ. ಕಪ್ಪು ಸಿಲಿಕೋನ್ ಆದರೆ ಕಣ್ಣಿಗೆ ಬೀಳುವುದು ಕಷ್ಟ, ಟಾರ್ಚ್ ಬೇಕೇ ಬೇಕು.

ಕಲೆಯ ಗಡಿಗೆ ಹೊರಗಿನಿಂದ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ. ತಿಂಗಳ ನಂತರ ಗೆರೆ ದಾಟಿದ್ದರೆ ಜಾಯಿಂಟ್ ಬಿಡುತ್ತಿದೆ. ದಾಟದಿದ್ದರೆ ಕಟ್ಟಿದ ದಿನದಿಂದಲೂ ಹಾಗೇ ಇದ್ದಿರಬಹುದು. ಒಳ್ಳೆಯ ಸಿಲಿಕೋನ್ ಜಾಯಿಂಟ್ ತನ್ನ ಶಕ್ತಿಯ ಸಣ್ಣ ಪಾಲನ್ನಷ್ಟೇ ಬಳಸಿ ನೀರನ್ನು ತಡೆಯುತ್ತದೆ. ಹಾಗಾಗಿ ಕಲೆ ಕಂಡ ರಾತ್ರಿಯೇ ಒಡೆದುಹೋಗುತ್ತದೆ ಎಂದು ನಿದ್ದೆ ಕೆಡಿಸಿಕೊಳ್ಳಬೇಡಿ. ನನ್ನ ಅಳತೆ ಇದು: 8 ಮಿಲಿಮೀಟರ್ ಅಗಲದ ಜಾಯಿಂಟ್‌ನಲ್ಲಿ ಎರಡು ಮಿಲಿಮೀಟರ್ ಬಿಟ್ಟಿದ್ದರೆ ಗುರುತು ಹಾಕಿ ಕಾಯುತ್ತೇನೆ. ಅರ್ಧ ಬಿಟ್ಟಿದ್ದರೆ, ಇನ್ನೂ ಒಂದು ಹನಿ ಸೋರದಿದ್ದರೂ, ಖಾಲಿ ಮಾಡುತ್ತೇನೆ.

ಹಾಗಾದರೆ ಎಷ್ಟು ವರ್ಷ?

ಸರಿಯಾಗಿ ಕಟ್ಟಿದ, ಸಮತಟ್ಟಾಗಿ ಕೂರಿಸಿದ ತೊಟ್ಟಿ 10 ರಿಂದ 20 ವರ್ಷ ಬರುವುದು ಸಾಮಾನ್ಯ. ಅದಕ್ಕಿಂತ ಹಳೆಯವೂ ಒಂದು ಹನಿ ಬಿಡದೆ ನಿಂತಿವೆ. ಎರಡೇ ವರ್ಷಕ್ಕೆ ಸೋತವೂ ಇವೆ. ವರ್ಷ ಎಣಿಸಿ ತೊಟ್ಟಿಯ ಆಯಸ್ಸು ಹೇಳಲು ಆಗುವುದಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಗಾಜಿಗಂತೂ ವಯಸ್ಸೇ ಇಲ್ಲ. ಅದನ್ನು ಕೆಡಿಸುವುದು ಅಂಚಿನ ಚಕ್ಕೆ ಮತ್ತು ಆಳವಾದ ಗೀರು. ನೀರಿನ ಒತ್ತಡಕ್ಕೆ ಗಾಜು ಹೊರಕ್ಕೆ ಉಬ್ಬುತ್ತದೆ, ಆಗ ಹೊರಮೈ ಎಳೆತಕ್ಕೆ ಸಿಗುತ್ತದೆ. ಗಾಜು ಒತ್ತಡ ತಡೆದುಕೊಳ್ಳುತ್ತದೆ, ಎಳೆತ ತಡೆಯುವುದಿಲ್ಲ. ಹಾಗಾಗಿ ಗಾಜಿನ ನಡುಭಾಗದಲ್ಲಿ ಹೊರಗಡೆ ಬಿದ್ದ ಆಳವಾದ ಗೀರು ಒಳಗಿನ ಗೀರಿಗಿಂತ ಅಪಾಯ.

"ತೊಟ್ಟಿ ಖಾಲಿ ಇಟ್ಟರೆ ಸೋರುತ್ತೆ" ಎಂಬ ಮಾತು ಎಲ್ಲರೂ ಕೇಳಿರುತ್ತೀರಿ. 1960ರ ದಶಕದಲ್ಲಿ ಸಿಲಿಕೋನ್ ಬಳಕೆಗೆ ಬರುವ ಮುಂಚೆ ತೊಟ್ಟಿಗಳನ್ನು ಲೋಹದ ಚೌಕಟ್ಟಿನಲ್ಲಿ ಗಾಜು ಕೂರಿಸಿ ಪುಟ್ಟಿ ತುಂಬಿ ಮಾಡುತ್ತಿದ್ದರು. ಪುಟ್ಟಿ ಒಣಗಿದರೆ ಗಟ್ಟಿಯಾಗಿ ಬಿರಿಯುತ್ತದೆ, ಆ ಭಯಕ್ಕೆ ಅಲ್ಲಿ ನಿಜವಾದ ಕಾರಣ ಇತ್ತು. ಸಿಲಿಕೋನ್ ಹಾಗೆ ಒಣಗಿ ಬಿರಿಯುವ ವಸ್ತು ಅಲ್ಲ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಆದರೂ ವರ್ಷಗಟ್ಟಲೆ ಟೆರೇಸಿನಲ್ಲಿ ಬಿದ್ದಿದ್ದ ತೊಟ್ಟಿ ಸೋರಬಹುದು. ಅದನ್ನು ಎರಡು ಮೂಲೆ ಹಿಡಿದು ಎತ್ತಿರುತ್ತಾರೆ, ಒಳಗೆ ಹೂಕುಂಡ ಇಟ್ಟಿರುತ್ತಾರೆ, ಓರೆಯಾಗಿ ಗೋಡೆಗೆ ಒರಗಿಸಿರುತ್ತಾರೆ. ಜಾಯಿಂಟಿಗೆ ಏಟು ಬೀಳುವುದು ಇಂಥದ್ದರಿಂದ.

ಸಿಲಿಕೋನ್ ಆಯಸ್ಸು ತಿನ್ನುವ ಕೆಲಸಗಳಲ್ಲಿ ನನಗೆ ಜಾಸ್ತಿ ಸಿಟ್ಟು ಬರಿಸುವುದು ಎರಡು. ಒಂದು, ಪಾಚಿ ಕೆರೆಯುವಾಗ ಬ್ಲೇಡನ್ನು ಮೂಲೆಯವರೆಗೂ ತಳ್ಳುವುದು. ಒಳಪಟ್ಟಿಯ ಅಂಚು ಒಮ್ಮೆ ಕತ್ತರಿಸಿದರೆ ಅಲ್ಲಿಂದಲೇ ಏಳಲು ಶುರು. ಎರಡು, ಅರ್ಧ ನೀರು, ಮರಳು, ಕಲ್ಲು ಇರುವಾಗಲೇ "ಸ್ವಲ್ಪ ಆ ಕಡೆ ಸರಿಸೋಣ" ಅನ್ನುವುದು. ಆ ಒಂದು ತಿರುಚಿಗೆ ಹತ್ತು ವರ್ಷದ ಜಾಯಿಂಟ್ ಸೋಲಬಹುದು. ಕಲೆ ತೆಗೆಯಲು ಸೀಮೆಎಣ್ಣೆ, ಪೆಟ್ರೋಲ್ ಬಳಸುವುದೂ ಬೇಡ, ಸಿಲಿಕೋನ್ ಅವನ್ನು ಹೀರಿ ಊದಿಕೊಳ್ಳುತ್ತದೆ.

2022ರ ಡಿಸೆಂಬರ್ 16ರಂದು ಬರ್ಲಿನ್‌ನ ಹೋಟೆಲೊಂದರಲ್ಲಿದ್ದ ಅಕ್ವಾಡೋಮ್ ಎಂಬ ದೈತ್ಯ ಮೀನಿನ ತೊಟ್ಟಿ ಒಡೆದು ಸುಮಾರು 10 ಲಕ್ಷ ಲೀಟರ್ ನೀರು ಬೀದಿಗೆ ನುಗ್ಗಿತು. ಅದು ಅಕ್ರಿಲಿಕ್‌ನಲ್ಲಿ ಮಾಡಿದ ಎತ್ತರದ ಸಿಲಿಂಡರ್. ಮನೆಯ ಗಾಜಿನ ತೊಟ್ಟಿಯ ಆಯಸ್ಸಿಗೆ ಅದರಿಂದ ಲೆಕ್ಕ ತೆಗೆಯಲು ಬರುವುದಿಲ್ಲ.

ಯಾಕೆ ಸೋತಿತು: ಸ್ಟ್ಯಾಂಡ್ ಮತ್ತು ಮೇಲಿನ ಪಟ್ಟಿ

ಜಾಯಿಂಟ್ ಬಿಟ್ಟಿರುವುದು ಖಚಿತವಾದ ಮೇಲೆ ಕಾರಣ ಹುಡುಕಿ. ಇಲ್ಲದಿದ್ದರೆ ಹೊಸ ತೊಟ್ಟಿಯೂ ಅದೇ ಸ್ಟ್ಯಾಂಡಿನ ಮೇಲೆ ಅದೇ ಮೂಲೆಯಲ್ಲಿ ಬಿಡುತ್ತದೆ.

ರಸಮಟ್ಟ ಇಟ್ಟು ಉದ್ದಕ್ಕೂ ಅಡ್ಡಕ್ಕೂ ನೋಡಿ. ತೊಟ್ಟಿ ಇಡಿಯಾಗಿ ಒಂದು ಕಡೆಗೆ ಸ್ವಲ್ಪ ವಾಲಿದ್ದರೆ ಅಂಥ ಅನಾಹುತ ಏನಿಲ್ಲ. ಕೆಡಿಸುವುದು ತಿರುಚು, ಅಂದರೆ ಮೂರು ಮೂಲೆ ಕೂತು ನಾಲ್ಕನೆಯದು ತೇಲುವುದು. ಕಬ್ಬಿಣದ ಸ್ಕ್ವೇರ್ ಪೈಪಿನ ಸ್ಟ್ಯಾಂಡ್‌ಗಳಲ್ಲಿ ವೆಲ್ಡಿಂಗ್ ಬಿಸಿಗೆ ಚೌಕಟ್ಟು ಸೊಟ್ಟಗಾಗುತ್ತದೆ. ಪ್ಲೈವುಡ್ ಕ್ಯಾಬಿನೆಟ್ ಆದರೆ ನೀರು ಕುಡಿದು ಒಂದು ಕಡೆ ಊದುತ್ತದೆ.

ಇದನ್ನು ತಿಳಿಯಲು ತೊಟ್ಟಿ ಎತ್ತಬೇಕಿಲ್ಲ. ಥರ್ಮಾಕೋಲ್‌ನ ಅಂಚನ್ನು ಸುತ್ತಲೂ ನೋಡಿಕೊಂಡು ಬನ್ನಿ. ಅದು ಭಾರಕ್ಕೆ ಒತ್ತಿಕೊಂಡಿರುತ್ತದೆ. ಒಂದು ಮೂಲೆಯಲ್ಲಿ ಅರ್ಧಕ್ಕೆ ಚಪ್ಪಟೆಯಾಗಿ, ಅದರ ಪಕ್ಕದ ಮೂಲೆಯಲ್ಲಿ ತಂದ ದಿನದ ದಪ್ಪದಲ್ಲೇ ಉಬ್ಬಿ ನಿಂತಿದ್ದರೆ, ಆ ಮೂಲೆಯ ಕೆಳಗೆ ಸ್ಟ್ಯಾಂಡ್ ಭಾರ ಹೊರುತ್ತಿಲ್ಲ. ಅಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಸಲೀಸಾಗಿ ಒಳಗೆ ಹೋದರೆ ಅನುಮಾನವೇ ಬೇಡ. ಒಂದು ಮಾತು: ತಳಕ್ಕೆ ಪ್ಲಾಸ್ಟಿಕ್ ಚೌಕಟ್ಟು ಇರುವ ತೊಟ್ಟಿಗಳಿಗೆ ಥರ್ಮಾಕೋಲ್ ಹಾಕಬಾರದು. ಅವುಗಳಲ್ಲಿ ಭಾರ ಚೌಕಟ್ಟಿನ ಮೇಲೆ ಇರಬೇಕು. ಥರ್ಮಾಕೋಲ್ ಉಬ್ಬಿ ತಳದ ಗಾಜನ್ನು ಮೇಲಕ್ಕೆ ಒತ್ತಬಹುದು.

ಇನ್ನು ಮೇಲಿನ ಪಟ್ಟಿ. ಉದ್ದದ ತೊಟ್ಟಿಗಳಿಗೆ ಮೇಲ್ಗಡೆ ಮುಂದಿನ ಹಿಂದಿನ ಗಾಜನ್ನು ಹಿಡಿಯಲು ಗಾಜಿನ ಪಟ್ಟಿ ಅಂಟಿಸಿರುತ್ತಾರೆ. ನನ್ನ ಪರಿಚಯದವರೊಬ್ಬರ ಮನೆಯಲ್ಲಿ 4 ಅಡಿಯ ತೊಟ್ಟಿ ಮುಂದಿನ ಬಲ ಮೂಲೆಯಲ್ಲಿ, ಮೇಲಿನಿಂದ ಒಂದು ಗೇಣು ಕೆಳಗೆ ಜಿನುಗುತ್ತಿತ್ತು. ಕರೆಸಿದ ಹುಡುಗ "ಸಾರ್, ಹೊರಗಿಂದ ಒಂದು ಕೋಟ್ ಎಳೆದ್ಬಿಡ್ತೀನಿ, ನಿಂತೋಗುತ್ತೆ" ಅಂದಿದ್ದ. ಮುಂದಿನ ಗಾಜಿನ ಮೇಲಂಚಿಗೆ ಈ ತುದಿಯಿಂದ ಆ ತುದಿಗೆ ದಾರ ಬಿಗಿದು ಹಿಡಿದೆವು. ದಾರ ನಡುವೆ ಗಾಜಿಗೆ ತಾಗುತ್ತಿತ್ತು, ಎರಡೂ ತುದಿಯಲ್ಲಿ ಸಂದು ಬಿಟ್ಟಿತ್ತು. ಗಾಜು ಹೊರಕ್ಕೆ ಉಬ್ಬಿದೆ ಎಂದು ಅರ್ಥ. ಹೊಸ ಲೈಟ್ ಕೂರಿಸಲು ಅಡ್ಡ ಬಂತು ಅಂತ ನಡುವಿನ ಪಟ್ಟಿಯನ್ನು ಯಾರೋ ಕಿತ್ತು ಹಾಕಿದ್ದರು. "ಅದು ಸುಮ್ನೆ ಚಂದಕ್ಕೆ ಇದ್ದದ್ದಲ್ವಾ?" ಎಂದು ಆ ಮನೆಯ ಅಮ್ಮ ಕೇಳಿದರು. ಉದ್ದದ ಗಾಜು ನಡುವೆ ಉಬ್ಬಿದಾಗ ಅದರ ಎರಡೂ ತುದಿ ಮೂಲೆಯ ಜಾಯಿಂಟನ್ನು ತಿರುಚಿ ಬಿಡಿಸುತ್ತದೆ. ಹೊರಗಿನ ಕೋಟ್ ಆ ಉಬ್ಬನ್ನು ಒಂದು ಕೂದಲೆಳೆಯಷ್ಟೂ ತಡೆಯುತ್ತಿರಲಿಲ್ಲ.

ಹೊರಗಿನ ಕೋಟ್ ಯಾವ ತೊಟ್ಟಿಯಲ್ಲೂ ಕೆಲಸ ಮಾಡದಿರುವುದಕ್ಕೆ ಕಾರಣ ಇದೆ. ನೀರು ಒಳಗಿನಿಂದ ಹೊರಗೆ ತಳ್ಳುತ್ತದೆ. ಒಳಗೆ ಹಚ್ಚಿದ ಸಿಲಿಕೋನನ್ನು ನೀರೇ ಗಾಜಿಗೆ ಒತ್ತುತ್ತದೆ. ಹೊರಗೆ ಹಚ್ಚಿದ್ದನ್ನು ಸುಲಿದು ತೆಗೆಯುತ್ತದೆ. ಅದರ ಮೇಲೆ ನಿಮಗೆ ಬೇಕಾದ ಪೌಡರ್ ಗೆರೆಯ ಗುರುತೂ ಮುಚ್ಚಿಹೋಗುತ್ತದೆ.

ಯಾವುದನ್ನು ರಿಪೇರಿ ಮಾಡಬಹುದು

ಒಳಪಟ್ಟಿ ಮಾತ್ರ ಕೆಟ್ಟಿದ್ದು, ಗಾಜಿನ ನಡುವಿನ ಜಾಯಿಂಟ್ ಬಹುಪಾಲು ಚೆನ್ನಾಗಿದ್ದು, ತೊಟ್ಟಿ ಒಂದೂವರೆ ಅಡಿಗಿಂತ ಎತ್ತರ ಇಲ್ಲದಿದ್ದರೆ ಮನೆಯಲ್ಲೇ ಮಾಡಿ. ಎತ್ತರಕ್ಕೆ ಯಾಕೆ ಇಷ್ಟು ಮಹತ್ವ ಅಂದರೆ, ಅದೇ ಉದ್ದದ ತೊಟ್ಟಿಯ ಎತ್ತರ ಎರಡು ಪಟ್ಟಾದರೆ ಗಾಜಿನ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. 2 ಅಡಿ ಎತ್ತರದ ಹಳೆಯ ತೊಟ್ಟಿಯನ್ನು ನಾನಂತೂ ಮನೆಯಲ್ಲಿ ಮುಟ್ಟುವುದಿಲ್ಲ.

ನಡುವಿನ ಜಾಯಿಂಟೇ ಬಿಟ್ಟಿದ್ದರೆ ಆ ಗಾಜುಗಳನ್ನು ಪೂರ್ತಿ ಬಿಡಿಸಿ, ಹಳೆಯದನ್ನೆಲ್ಲ ಕೆರೆದು, ಮತ್ತೆ ಕಟ್ಟಬೇಕು. ಅದು ಕೈ ಪಳಗಿದವರ ಕೆಲಸ. ಸಣ್ಣ ತೊಟ್ಟಿಯಾದರೆ ಹೊಸದೇ ವಾಸಿ. ಬಿರುಕು ಬಿಟ್ಟ ಗಾಜಿಗೆ ಟೇಪು, ಸಿಲಿಕೋನು, ಅಂಟು ಯಾವುದೂ ಬೇಡ. ಆ ಗಾಜನ್ನೇ ಬದಲಾಯಿಸಬೇಕು.

ಒಳಪಟ್ಟಿ ಹಾಕುವ ಕೆಲಸದಲ್ಲಿ ಸೋಲು ಬರುವುದು ಹೆಚ್ಚಾಗಿ ತಯಾರಿಯಲ್ಲಿ. ಹೊಸ ಸಿಲಿಕೋನ್ ಒಣಗಿದ ಹಳೆಯ ಸಿಲಿಕೋನಿಗೆ ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಸೋರಿದ ಒಂದು ಗೇಣನ್ನು ಮಾತ್ರ ಕೆರೆದು ತೇಪೆ ಹಾಕಿದರೆ ಹಳೆಯದೂ ಹೊಸದೂ ಸೇರುವ ಕಡೆ ಮತ್ತೆ ಸೋರುತ್ತದೆ. ಒಳಗಿನ ಪಟ್ಟಿಯನ್ನು ಎಲ್ಲ ಮೂಲೆಯಿಂದಲೂ ತೆಗೆಯಿರಿ. ಬ್ಲೇಡನ್ನು ಗಾಜಿಗೆ ಚಪ್ಪಟೆಯಾಗಿ ಹಿಡಿಯಿರಿ. ತುದಿ ಎರಡು ಗಾಜಿನ ಸಂದಿಯೊಳಗೆ ಹೋಗಬಾರದು, ಅಲ್ಲಿರುವುದು ತೊಟ್ಟಿಯನ್ನು ಹಿಡಿದಿರುವ ಸಿಲಿಕೋನ್. ಬಿಳಿ ಪೊರೆ ಇದ್ದರೆ ವಿನೆಗರ್ ಹಚ್ಚಿ ತೊಳೆದು ಒಣಗಿಸಿ. ಕೊನೆಗೆ ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಮೇಲೆ ಬರಿಗೈ ತಾಗಿಸಬೇಡಿ, ಬೆರಳಿನ ಜಿಡ್ಡೂ ಹಿಡಿತ ಕೆಡಿಸುತ್ತದೆ.

ಟ್ಯೂಬ್ ಕೊಳ್ಳುವಾಗ ಬೆಲೆಗಿಂತ ಹಿಂಬದಿಯ ಬರಹ ಓದಿ. ನೂರಕ್ಕೆ ನೂರು ಸಿಲಿಕೋನ್ ಆಗಿರಬೇಕು. ಬಾತ್‌ರೂಮ್, ಸಿಂಕ್‌ಗೆಂದು ಬೂಷ್ಟು ತಡೆಯುವ ಔಷಧಿ ಬೆರೆಸಿದ್ದು ಬೇಡವೇ ಬೇಡ, ಅದು ಮೀನಿಗೆ ವಿಷ. ಅಕ್ರಿಲಿಕ್ ಸೀಲೆಂಟ್ ನೋಡಲು ಒಂದೇ ತರಹ ಇರುತ್ತದೆ, ನೀರಿನೊಳಗೆ ನಿಲ್ಲುವುದಿಲ್ಲ. ಅವಧಿ ಮುಗಿದ ಟ್ಯೂಬ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯಬಹುದು, ತಾರೀಕು ನೋಡಿ ತನ್ನಿ. ತೊಟ್ಟಿಗೆ ಬಳಸುವ ಸಾಮಾನ್ಯ ಸಿಲಿಕೋನ್ ಗಟ್ಟಿಯಾಗುವಾಗ ವಿನೆಗರ್ ವಾಸನೆ ಬಿಡುತ್ತದೆ. ಕಿಟಕಿ ತೆಗೆದಿಟ್ಟು ಕೆಲಸ ಮಾಡಿ. ಪಕ್ಕದಲ್ಲಿ ಇನ್ನೊಂದು ಮೀನಿನ ತೊಟ್ಟಿ ಇಟ್ಟುಕೊಳ್ಳಬೇಡಿ.

ಮೂಲೆಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಗನ್‌ನಿಂದ ನಿಲ್ಲಿಸದೆ ಒಂದೇ ಎಳೆತದಲ್ಲಿ ಸಿಲಿಕೋನ್ ಹಾಕಿ, ಗ್ಲೌಸ್ ಹಾಕಿದ ಬೆರಳಿನಿಂದ ಒಂದೇ ಸಲ ಒತ್ತಿ ಎಳೆಯಿರಿ. ಮೇಲ್ಮೈ ಕೆನೆ ಕಟ್ಟುವುದು ಹತ್ತಿಪ್ಪತ್ತು ನಿಮಿಷದಲ್ಲಿ. ಟೇಪನ್ನು ಅದಕ್ಕೂ ಮುಂಚೆ ತೆಗೆಯಬೇಕು. ಕೆನೆ ಕಟ್ಟಿದ ಮೇಲೆ ಮತ್ತೆ ಮುಟ್ಟಿದರೆ ಕೆಟ್ಟಿತು.

ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು, ಹೊರಗಿನಿಂದ ಒಳಗೆ, ದಿನಕ್ಕೆ ಎರಡು ಮೂರು ಮಿಲಿಮೀಟರ್‌ನಂತೆ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ ಎಂದು ಲೆಕ್ಕ ಹಾಕಬೇಡಿ. ಮಂಗಳೂರಿನ ಜುಲೈನಲ್ಲಿ ಬೇಗ ಆಗುವ ಕೆಲಸ ಕಲಬುರಗಿಯ ಏಪ್ರಿಲ್‌ನಲ್ಲಿ, ಅಥವಾ ಎಸಿ ಕೋಣೆಯಲ್ಲಿ, ತಡವಾಗುತ್ತದೆ. ಒಂದು ವಾರ ಬಿಡಿ. ವಾರದ ನಂತರವೂ ಮೂಗಿಗೆ ವಿನೆಗರ್ ವಾಸನೆ ಬಂದರೆ ಇನ್ನೂ ಆಗಿಲ್ಲ, ಕಾಯಿರಿ.

ತುಂಬಿ ನೋಡುವುದು

ಪರೀಕ್ಷೆ ನಡುಮನೆಯಲ್ಲಿ ಬೇಡ. ನೀರು ಹರಿದುಹೋಗುವ ಕಡೆ, ಸಮತಟ್ಟಾದ ಪ್ಲೈವುಡ್ ಹಲಗೆ ಮತ್ತು ಥರ್ಮಾಕೋಲ್ ಮೇಲೆ ಇಡಿ. ಮೊದಲು ಕಾಲು ಭಾಗ ತುಂಬಿ ಒಂದು ದಿನ, ಆಮೇಲೆ ಅರ್ಧ, ಆಮೇಲೆ ಪೂರ್ತಿ. ಪ್ರತಿ ಹಂತದಲ್ಲೂ ಟಾಲ್ಕಂ ಪೌಡರ್ ಸವರಿ. ಪೂರ್ತಿ ತುಂಬಿದ ಮೇಲೆ ಮೂರ್ನಾಲ್ಕು ದಿನ ಬಿಡಿ. ನಿಧಾನದ ಜಿನುಗು ಮೊದಲ ರಾತ್ರಿ ಕಾಣದೆ ಮೂರನೆಯ ದಿನ ಕಾಣುವುದುಂಟು. ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ತೊಟ್ಟಿ ಜೋಡಿಸಿ.

ಸೆಕೆಂಡ್ ಹ್ಯಾಂಡ್ ತೊಟ್ಟಿ ಕೊಳ್ಳುವವರಿಗೂ ಇದೇ ಪರೀಕ್ಷೆ. ಮಾರುವವರ ಮನೆಯಲ್ಲಿ ನೀರು ತುಂಬಿಯೇ ಇದ್ದರೆ ನಿಮ್ಮ ಅದೃಷ್ಟ, ಟಾರ್ಚ್ ಹಿಡಿದು ಜಾಯಿಂಟ್ ಓದಿ, ಮೇಲಿನ ಪಟ್ಟಿ ಎಲ್ಲ ಇದೆಯೇ ಎಣಿಸಿ, ಅಂಚಿನ ಚಕ್ಕೆಗೆ ಬೆರಳು ಸವರಿ ನೋಡಿ. ಒಳಗೆ ಹೊಸ ಸಿಲಿಕೋನ್ ಹಳೆಯದರ ಮೇಲೆಯೇ ದಪ್ಪಗೆ ಬಳಿದಿದ್ದರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬಿಟ್ಟು ಬನ್ನಿ. ಕೊಂಡದ್ದನ್ನು ಸಾಗಿಸುವಾಗ ಮರಳು, ಕಲ್ಲು ಪೂರ್ತಿ ತೆಗೆದು, ಇಬ್ಬರು ತಳಕ್ಕೆ ಕೈ ಕೊಟ್ಟು ಎತ್ತಿ. ಮೇಲಿನ ಪಟ್ಟಿ ಹಿಡಿದು ಎತ್ತಬೇಡಿ.